ಬದಲಾಗುವ ಸೈಬರ್ ಅಪರಾಧಗಳು ಮತ್ತು ಕಾನೂನು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಅಂತರ್ಜಾಲದ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ಆಧಾರ್, ದೂರವಾಣಿ ಹಾಗೂ ಬ್ಯಾಂಕ್ ಖಾತೆಯ ವಿವರಗಳನ್ನು ಒದಗಿಸಬೇಕಾಗುತ್ತದೆ. ಇಂತಹ ವಿವರಗಳನ್ನು ದುರುಪಯೋಗಪಡಿಸಿಕೊಳ್ಳುವ ವಿಧಾನಗಳು ಬದಲಾಗುತ್ತಲೇ ಇವೆ. ಹೊಸ ಬಗೆಯ ವಂಚನೆಗೆ ಒಳಗಾದವರು ‘ಇದಕ್ಕೆ ಕಾನೂನೇ ಇಲ್ಲ’ ಎಂದು ಭಾವಿಸಿ ದೂರು ನೀಡದೆ ಉಳಿಯುವುದುಂಟು. ಈ ಭಾವನೆ ಸರಿಯಲ್ಲ.

ಕಾನೂನಿನ ಬೆಳವಣಿಗೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ದಿನಾಂಕ 17-10-2000ರಿಂದ ಜಾರಿಗೆ ಬಂದಿತು. ವಿದ್ಯುನ್ಮಾನ ದಾಖಲೆಗಳಿಗೆ ಮತ್ತು ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ನೀಡುವುದು ಅದರ ಮುಖ್ಯ ಉದ್ದೇಶವಾಗಿತ್ತು. ಗುರುತಿನ ಕಳವಿನ ಬಗ್ಗೆ ಅದರಲ್ಲಿ ಪ್ರತ್ಯೇಕ ಪ್ರಕರಣವಿರಲಿಲ್ಲ. ದಿನಾಂಕ 27-10-2009ರಿಂದ ಜಾರಿಗೆ ಬಂದ ತಿದ್ದುಪಡಿಯು ಈ ಕೊರತೆಯನ್ನು ನೀಗಿಸಿತು.

1. ಪ್ರಕರಣ 66-ಸಿ: ಇನ್ನೊಬ್ಬರ ಪಾಸ್‌ವರ್ಡ್ ಅಥವಾ ವಿದ್ಯುನ್ಮಾನ ಸಹಿಯನ್ನು ಮೋಸದಿಂದ ಬಳಸುವುದು.
2. ಪ್ರಕರಣ 66-ಡಿ: ಸಂವಹನ ಸಾಧನ ಅಥವಾ ಗಣಕಯಂತ್ರದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದು.

ಇವೆರಡಕ್ಕೂ 3 ವರ್ಷಗಳವರೆಗೆ ಕಾರಾವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದಾಗಿದೆ. ಇದೇ ತಿದ್ದುಪಡಿಯಿಂದ, ಅದುವರೆಗೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಗಳಿಗಿದ್ದ ತನಿಖೆಯ ಅಧಿಕಾರವು ಇನ್ಸ್‌ಪೆಕ್ಟರ್ ದರ್ಜೆಗೂ ದೊರೆಯಿತು.

ಕೃತ್ಯವೇ ಮುಖ್ಯ, ಸಾಧನವಲ್ಲ

ಪ್ರಕರಣ 66-ಡಿಯಲ್ಲಿ ಯಾವುದೇ ನಿರ್ದಿಷ್ಟ ಯಂತ್ರದ ಹೆಸರಿಲ್ಲ. ಆದುದರಿಂದ ಅರ್ಜಿ ಪರಿಶೀಲನೆಯ ನೆಪದಲ್ಲಿ ಕರೆ ಮಾಡಿ ಒಟಿಪಿ ಪಡೆದು ಹಣ ಕಬಳಿಸುವವರಿಗೂ, ಪೊಲೀಸರ ಸೋಗಿನಲ್ಲಿ ವಿಡಿಯೋ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ವಂಚಿಸುವವರಿಗೂ ಅದು ಅನ್ವಯಿಸುತ್ತದೆ. ಡಿಜಿಟಲ್ ಅರೆಸ್ಟ್ ಎಂಬ ಬಂಧನವು ಯಾವ ಕಾನೂನಿನಲ್ಲಿಯೂ ಇಲ್ಲ.

ಆದರೆ ಕಾನೂನಿನ ಭಾಷೆ ವಿಶಾಲವಾಗಿದ್ದರೆ ಸಾಲದು, ಸ್ಪಷ್ಟವೂ ಆಗಿರಬೇಕು. ಅದೇ ತಿದ್ದುಪಡಿಯಲ್ಲಿ ಸೇರಿದ್ದ ಪ್ರಕರಣ 66-ಎ, ‘ಕಿರಿಕಿರಿ’ ಉಂಟುಮಾಡುವ ಸಂದೇಶವನ್ನೂ ಅಪರಾಧವೆಂದು ಪರಿಗಣಿಸಿತ್ತು. ಅಸ್ಪಷ್ಟವಾಗಿದ್ದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ತರುವ ಕಾರಣ ಮಾನ್ಯ ಸರ್ವೋಚ್ಚ ನ್ಯಾಯಾಲಯವು ದಿನಾಂಕ 24-03-2015ರಂದು ಅದನ್ನು ರದ್ದುಪಡಿಸಿತು.

ತ್ವರಿತವಾಗಿ ಬದಲಾಗುವ ವಿವರಗಳು

ತಾಂತ್ರಿಕ ವಿವರಗಳಿಗಾಗಿ ಪ್ರತಿ ಬಾರಿಯೂ ಸಂಸತ್ತಿನಲ್ಲಿ ತಿದ್ದುಪಡಿ ಅಗತ್ಯವಿಲ್ಲ. ಅಧಿನಿಯಮದ ಅಡಿಯಲ್ಲಿ ಸರ್ಟ್-ಇನ್ ಸಂಸ್ಥೆಯು ದಿನಾಂಕ 28-04-2022ರಂದು ಹೊರಡಿಸಿದ ನಿರ್ದೇಶನವು, ಸೈಬರ್ ದಾಳಿಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸಂಸ್ಥೆಗಳಿಗೆ ವಿಧಿಸಿತು. ವಿಳಂಬವಾಗುವ ಸಂದರ್ಭಗಳೂ ಇವೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು ಪ್ರಕಟವಾದುದು 2025ರ ನವೆಂಬರ್‌ನಲ್ಲಿ.

ನಾಗರಿಕರು ಅನುಸರಿಸಬೇಕಾದ ಕ್ರಮ

1. ಹಣ ಕಳೆದುಕೊಂಡ ಕೂಡಲೇ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಹಾಗೂ ಬ್ಯಾಂಕಿಗೆ ತಿಳಿಸುವುದು. ವಂಚಕರು ಇನ್ನೂ ತೆಗೆಯದ ಹಣವನ್ನು ತಡೆಹಿಡಿಯಲು ಇದರಿಂದ ಸಾಧ್ಯವಾಗುತ್ತದೆ.
2. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ದಾಖಲಿಸುವುದು.
3. ಸಂದೇಶಗಳು, ಕರೆ ಬಂದ ಸಂಖ್ಯೆ ಮತ್ತು ವ್ಯವಹಾರದ ಸಂಖ್ಯೆಯನ್ನು ಅಳಿಸದೆ ಇಟ್ಟುಕೊಳ್ಳುವುದು.
4. ಠಾಣೆಯ ಸರಹದ್ದಿನ ಕುರಿತು ಚಿಂತಿಸದಿರುವುದು. ದಿನಾಂಕ 01-07-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕರಣ 173ರಂತೆ, ಕೃತ್ಯ ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ವಿದ್ಯುನ್ಮಾನ ರೂಪದಲ್ಲಿ ನೀಡಿದಲ್ಲಿ 3 ದಿನಗಳೊಳಗೆ ಸಹಿ ಮಾಡತಕ್ಕದ್ದು.

ವಂಚನೆಯ ಹೊಸ ವಿಧಾನವು ಇಲಾಖೆಗಳ ಗಮನಕ್ಕೆ ಬರುವುದು ನಾಗರಿಕರ ದೂರಿನಿಂದಲೇ. ಆದುದರಿಂದ ಹೋದ ಮೊತ್ತ ಅಲ್ಪವಾಗಿದ್ದರೂ, ನಾಚಿಕೆ ಅಥವಾ ಅಂಜಿಕೆಯಿಂದ ಸುಮ್ಮನಿರದೆ ದೂರು ನೀಡುವುದು ಅವಶ್ಯಕ.