ಮೊಟ್ಟೆಯಿಡುವ ಕೋಳಿಗಳೂ ಜೀವಸತ್ವಗಳೂ

ಕೋಳಿಗೆ ಹೊಟ್ಟೆತುಂಬ ಕಾಳು ಹಾಕಿದರೆ ಸಾಕು, ಮೊಟ್ಟೆ ತಾನಾಗಿಯೇ ಬರುವುದೆಂದು ಕೆಲವರು ಭಾವಿಸುತ್ತಾರೆ. ಜೀವಸತ್ವದ ಪುಡಿಯನ್ನು ಬೆರೆಸಿದಷ್ಟೂ ಮೊಟ್ಟೆ ಹೆಚ್ಚುವುದೆಂದು ಮತ್ತೆ ಕೆಲವರು ನಂಬುತ್ತಾರೆ. ಈ ಎರಡು ಅಭಿಪ್ರಾಯಗಳೂ ಸರಿಯಲ್ಲ. ಜೀವಸತ್ವಗಳು ಕೋಳಿಯ ದೇಹದಲ್ಲಿ ಮಾಡುವ ಕಾರ್ಯವೇನು, ಅವನ್ನು ಪ್ರತ್ಯೇಕವಾಗಿ ಕೊಡಬೇಕಾದ ಸಂದರ್ಭ ಯಾವುದು ಎಂಬುದನ್ನು ನಾವು ವಿಚಾರಮಾಡೋಣ.

ಜೀವಸತ್ವಗಳ ಇತಿಹಾಸದಲ್ಲಿ ಕೋಳಿಗೆ ಗೌರವದ ಸ್ಥಾನವುಂಟು. 1890ರ ದಶಕದಲ್ಲಿ ಜಾವಾ ದ್ವೀಪದ ಬಟೇವಿಯಾ ನಗರದಲ್ಲಿದ್ದ ಐಕ್ಮನ್ ಎಂಬ ಡಚ್ ವೈದ್ಯರು ಒಂದು ಸಂಗತಿಯನ್ನು ಕಂಡರು. ಪಾಲಿಷ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲಿನ ಬಲವುಡುಗಿ ಬೀಳುತ್ತಿದ್ದವು. ತವುಡು ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದವು. ಮನುಷ್ಯರ ಬೆರಿಬೆರಿ ರೋಗದ ಕಾರಣವನ್ನು ತಿಳಿಯುವುದಕ್ಕೆ ಇದೇ ದಾರಿಯಾಯಿತು. 1929ರಲ್ಲಿ ಐಕ್ಮನ್ನರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಮೊಟ್ಟೆಯಿಡುವ ಹೇಟೆಗೆ ಬಹುಮುಖ್ಯವಾದುದು ‘ಡಿ’ ಜೀವಸತ್ವ. ಒಂದು ಮೊಟ್ಟೆ ಸಿದ್ಧವಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿನ ಕೆಲಸಕ್ಕೇ ಹೋಗುತ್ತದೆ. ಒಂದೊಂದು ಚಿಪ್ಪಿನಲ್ಲಿಯೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದ ಆಹಾರದಿಂದ ಈ ಸುಣ್ಣದ ಅಂಶವನ್ನು ಹೀರಿಕೊಳ್ಳಲು ‘ಡಿ’ ಅವಶ್ಯಕ. ಅದು ಸಾಲದಿದ್ದರೆ ಹೇಟೆಯು ತನ್ನ ಮೂಳೆಗಳನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ. ಮೊದಲು ಚಿಪ್ಪು ತೆಳುವಾಗುತ್ತದೆ, ಬಳಿಕ ಮೊಟ್ಟೆ ಕಡಮೆಯಾಗುತ್ತದೆ, ಕಡೆಗೆ ಮೂಳೆ ಮುರಿಯುತ್ತದೆ. ಆದರೆ ಜೀವಸತ್ವವು ಗಾರೆ ಕೆಲಸದವನಂತೆ. ಸುಣ್ಣವೇ ಇಲ್ಲದಿದ್ದರೆ ಅವನು ಗೋಡೆ ಕಟ್ಟಲಾರ. ಆದುದರಿಂದ ಕಪ್ಪೆಚಿಪ್ಪಿನ ಚೂರನ್ನೂ ಕೊಡಬೇಕು.

ಬಿಸಿಲಿನಲ್ಲಿ ತಿರುಗಾಡುವ ಹಿತ್ತಲ ಕೋಳಿಯ ಚರ್ಮದಲ್ಲಿ ‘ಡಿ’ ತಾನಾಗಿಯೇ ಉಂಟಾಗುತ್ತದೆ. ಹಸುರು ಸೊಪ್ಪಿನಿಂದ ಅದು ‘ಎ’ ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಹುಳುಹುಪ್ಪಟೆಗಳಿಂದ ಅದಕ್ಕೆ ‘ಬಿ12’ ದೊರೆಯುತ್ತದೆ. ಹಗಲಿರುಳೂ ಕೊಟ್ಟಿಗೆಯೊಳಗೆ ಕೂಡಿಹಾಕಿದ ಕೋಳಿಗೆ ಇವೊಂದೂ ಇಲ್ಲ. ಅದಕ್ಕೆ ಆಹಾರದಲ್ಲಿ ಜೀವಸತ್ವಗಳನ್ನು ಬೆರೆಸಿಕೊಡುವುದು ಅನಿವಾರ್ಯ.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಮೊಟ್ಟೆಗಳ ಎಣಿಕೆಯೊಂದೇ ಆಹಾರದ ಪರೀಕ್ಷೆಯಲ್ಲ. ರೈಬೊಫ್ಲೇವಿನ್ ಎಂಬ ‘ಬಿ2’ ಸಾಲದ ಹೇಟೆ ನೋಡುವುದಕ್ಕೆ ಆರೋಗ್ಯವಾಗಿದ್ದು ಮೊಟ್ಟೆಯನ್ನೂ ಇಡಬಹುದು. ಆದರೆ ಕಾವಿಗೆ ಇಟ್ಟಾಗ ಮರಿಗಳು ಚಿಪ್ಪಿನೊಳಗೇ ಸಾಯುತ್ತವೆ. ತಾಯಿ ತಿನ್ನದುದು ಮೊಟ್ಟೆಗೆ ಬರುವುದಿಲ್ಲ. ಮೊಟ್ಟೆಯಲ್ಲಿಲ್ಲದುದು ಮರಿಗೂ ಇಲ್ಲ, ಅದನ್ನು ತಿನ್ನುವ ನಮ್ಮ ಮಕ್ಕಳಿಗೂ ಇಲ್ಲ. ಹಳದಿಯ ಬಣ್ಣವನ್ನು ನೋಡಿ ಸತ್ವವನ್ನು ಅಳೆಯುವುದೂ ತಪ್ಪು. ಆ ಬಣ್ಣ ಬಹುಮಟ್ಟಿಗೆ ಸೊಪ್ಪು, ಹಳದಿ ಮುಸುಕಿನ ಜೋಳ ಮೊದಲಾದವುಗಳ ವರ್ಣದ್ರವ್ಯದಿಂದ ಬರುತ್ತದೆ. ಅದೇ ‘ಎ’ ಜೀವಸತ್ವವಲ್ಲ.

‘ಸಿ’ ಜೀವಸತ್ವವನ್ನು ಕೋಳಿ ತನ್ನ ದೇಹದಲ್ಲಿಯೇ ತಯಾರಿಸಿಕೊಳ್ಳುವುದರಿಂದ ದಿನವೂ ಕೊಡಬೇಕಾದುದಿಲ್ಲ. ಕಡುಬೇಸಗೆಯಲ್ಲಿ ಮಾತ್ರ ಅದರಿಂದ ಕೆಲವು ವೇಳೆ ಪ್ರಯೋಜನ ಕಂಡುಬಂದಿದೆ. ‘ಎ’ ಮತ್ತು ‘ಡಿ’ಗಳಾದರೋ ದೇಹದಲ್ಲಿ ಶೇಖರವಾಗತಕ್ಕವು. ‘ಎ’ ಮಿತಿಮೀರಿದರೆ ‘ಡಿ’ಯ ಕೆಲಸಕ್ಕೆ ಅಡ್ಡಿ, ‘ಡಿ’ ಮಿತಿಮೀರಿದರೆ ಮೂತ್ರಪಿಂಡಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ.

ಹೀಗಿರುವುದರಿಂದ ಕೊರತೆ ಇರುವಲ್ಲಿ ಜೀವಸತ್ವ ಸಂಜೀವಿನಿಯಾದರೂ, ಕೊರತೆ ಇಲ್ಲದಲ್ಲಿ ಅದು ಬರಿಯ ಖರ್ಚು. ಕಾರ್ಖಾನೆಯಲ್ಲಿ ತಯಾರಾದ ಸಮತೋಲ ಆಹಾರದಲ್ಲಿ ಇವು ಮೊದಲೇ ಸೇರಿರುತ್ತವೆ. ಅದರ ಮೇಲೆ ಮತ್ತೆ ಪುಡಿ ಸುರಿಯುವುದು ಅನಾವಶ್ಯಕ. ನಾಲ್ಕಾರು ಕೋಳಿ ಸಾಕಿದ ಬಡ ಸಂಸಾರವು ಪುಡಿಯ ಡಬ್ಬಿಗೆ ಹಣ ತೆರುವುದಕ್ಕೆ ಮುಂಚೆ ಕೋಳಿಗಳನ್ನು ಬಿಸಿಲಿಗೆ ಬಿಡಲಿ, ಒಂದು ಹಿಡಿ ನುಗ್ಗೆಸೊಪ್ಪನ್ನೂ ತವುಡನ್ನೂ ಹಾಕಲಿ. ಇಷ್ಟಾದರೂ ಚಿಪ್ಪು ಗಟ್ಟಿಯಾಗದೆ, ಮರಿಗಳು ಉಳಿಯದೆ ಹೋದರೆ ಪಶುವೈದ್ಯರನ್ನು ಕೇಳಿ, ಯಾವುದರ ಕೊರತೆಯೆಂದು ತಿಳಿದು, ಅದನ್ನು ತಕ್ಕ ಪ್ರಮಾಣದಲ್ಲಿ ಕೊಡುವುದು ಮೇಲು.