ಚಂದ್ರವಳ್ಳಿಯ ಕೆರೆ, ಮಾರಿಕಣಿವೆಯ ಕಟ್ಟೆ: ವಿಜ್ಞಾನ ಬೋಧನೆಗೆ ಒದಗುವ ಕೆಲವು ಐತಿಹಾಸಿಕ ಆಕರಗಳು

ಚಿತ್ರದುರ್ಗದ ಬೆಟ್ಟಗಳ ನಡುವಿನ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಕಿರುಶಾಸನವಿದೆ. ಕ್ರಿ.ಶ. ನಾಲ್ಕನೆಯ ಶತಮಾನದ್ದೆಂದು ಪರಿಗಣಿತವಾಗಿರುವ ಇದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. 1929ರ ಸುಮಾರಿಗೆ ಇದನ್ನು ಬೆಳಕಿಗೆ ತಂದ ಡಾ. ಎಂ.ಎಚ್. ಕೃಷ್ಣ ಅವರು ಇದರಲ್ಲಿ ಪಲ್ಲವ, ಆಭೀರ ಮೊದಲಾದ ಹೆಸರುಗಳ ಪಟ್ಟಿಯನ್ನು ಓದಿದರು. ಆ ಪಟ್ಟಿಯ ಬಗೆಗೆ ಅನಂತರದ ಶಾಸನತಜ್ಞರು ಸಂದೇಹ ವ್ಯಕ್ತಪಡಿಸಿದ್ದಾರೆ. ಮಯೂರಶರ್ಮನ ಹೆಸರಿನೊಡನೆ ಇಲ್ಲಿ ಒಂದು ಕೆರೆಯ ಪ್ರಸ್ತಾಪವಿದೆ ಎಂಬುದು ಮಾತ್ರ ವಿವಾದಾತೀತ. ಆದರೂ ಚರ್ಚೆ ಬಹುಕಾಲ ದಿಗ್ವಿಜಯದ ಸುತ್ತಲೇ ನಡೆದು, ಕೆರೆ ಹಿನ್ನೆಲೆಗೆ ಸರಿದದ್ದು ವಿಚಿತ್ರವೇ ಸರಿ.

ಈ ಅಲಕ್ಷ್ಯಕ್ಕೆ ಇಂದು ಬೇರೊಂದು ಅರ್ಥವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಕನ್ನಡಕ್ಕೂ ಸ್ಥಾನವಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ನಿಲ್ಲುವವರು ಕನ್ನಡ ಅಧ್ಯಾಪಕರು. ಶಾಸನವನ್ನು ರಾಜವಂಶದ ದಾಖಲೆಯಾಗಿಯಷ್ಟೇ ಬೋಧಿಸಿದರೆ ಅದು ಅಂಕಗಳಿಗಾಗಿ ಓದುವ ಪಾಠವಾಗಿ ಉಳಿಯುತ್ತದೆ. ಕೆರೆಗೆ ಈ ಸ್ಥಳವನ್ನೇ ಏಕೆ ಆರಿಸಲಾಯಿತು ಎಂದು ಕೇಳಿದರೆ ವಿದ್ಯಾರ್ಥಿಯು ತನ್ನ ಶಾಸ್ತ್ರದ ನೆರವಿನಿಂದಲೇ ಉತ್ತರ ಹುಡುಕಬೇಕಾಗುತ್ತದೆ. ಬಂಡೆಬೆಟ್ಟಗಳ ಮೇಲೆ ಬಿದ್ದ ಮಳೆ ಇಂಗುವುದು ಕಡಿಮೆ, ಹರಿಯುವುದು ಹೆಚ್ಚು. ಕಣಿವೆ ಕಿರಿದಾದೆಡೆ ಏರಿ ಹಾಕಿದರೆ ಕಡಿಮೆ ಶ್ರಮದಲ್ಲಿ ಹೆಚ್ಚು ನೀರು ನಿಲ್ಲುತ್ತದೆ.

ಇದೇ ತರ್ಕವನ್ನು ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಬೃಹತ್ ಪ್ರಮಾಣದಲ್ಲಿ ಕಾಣಬಹುದು. ವೇದಾವತಿಯು ಬೆಟ್ಟಗಳ ನಡುವೆ ನುಸುಳುವಲ್ಲಿ 1898ರಿಂದ 1907ರ ಅವಧಿಯಲ್ಲಿ ಮೈಸೂರು ಸಂಸ್ಥಾನವು ಕಲ್ಲಿನ ಅಣೆಕಟ್ಟನ್ನು ನಿರ್ಮಿಸಿತು. ಇದೇ ವಾಣಿವಿಲಾಸ ಸಾಗರ. ಇದರ ಸಂಗ್ರಹ ಸಾಮರ್ಥ್ಯ ಸುಮಾರು 30 ಟಿಎಂಸಿ. ಇಷ್ಟು ನೀರನ್ನು ಕಟ್ಟೆ ಹೇಗೆ ತಡೆದಿದೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ತಪ್ಪಾಗಿರುತ್ತದೆ. ಹಿನ್ನೀರು ಎಷ್ಟು ದೂರ ಹಬ್ಬಿದೆ ಎಂಬುದರ ಮೇಲೆ ಒತ್ತಡ ಅವಲಂಬಿಸಿಲ್ಲ. ಆಳವೊಂದೇ ಅದನ್ನು ನಿರ್ಧರಿಸುತ್ತದೆ. 130 ಅಡಿ ಆಳದಲ್ಲಿ ನೀರಿನ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು ನಾಲ್ಕು ಪಟ್ಟು. ಆದುದರಿಂದಲೇ ಕಟ್ಟೆಯ ಬುಡ ಅಗಲ, ತಲೆ ಕಿರಿದು. ಹಳ್ಳಿಯ ಕೆರೆಯ ಏರಿಯೂ ಇದೇ ಆಕಾರದ್ದು.

ಕನ್ನಡ ಅಧ್ಯಾಪಕರಿಗೇ ವಿಶಿಷ್ಟವಾದ ಆಕರವೆಂದರೆ ಶಾಸನಗಳ ಪರಿಭಾಷೆ. ತೂಬು, ಕೋಡಿ, ಏರಿ ಎಂಬ ಪದಗಳು ಇಂದಿಗೂ ಬಳಕೆಯಲ್ಲಿವೆ. ‘ಬಿತ್ತುವಟ್ಟ’ ಎಂಬುದಕ್ಕೆ ಕೆರೆಯ ನಿರ್ಮಾಣ ಅಥವಾ ಪಾಲನೆಗಾಗಿ ಬಿಟ್ಟ ಭೂಮಿ ಎಂದು ಅರ್ಥ ಹೇಳಿ ಮುಂದೆ ಸಾಗುವುದೇ ರೂಢಿ. ಪಾಲನೆಗೆ ಶಾಶ್ವತ ಆದಾಯವೇಕೆ ಬೇಕಾಯಿತು? ನೀರಿನೊಡನೆ ಹೂಳೂ ಬರುತ್ತದೆ. ಹೂಳೆತ್ತದ ಕೆರೆಯ ಸಾಮರ್ಥ್ಯ ವರ್ಷವರ್ಷಕ್ಕೆ ಕುಗ್ಗುತ್ತದೆ. ನಿಘಂಟಿನ ಅರ್ಥದ ಹಿಂದೆ ಹೀಗೆ ಒಂದು ತಾಂತ್ರಿಕ ಸಮಸ್ಯೆ ಅಡಗಿದೆ.

ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡ ತುಂಬಿದಾಗ ಹೆಚ್ಚಿದ ನೀರು ಅಕ್ಕ-ತಂಗಿಯರ ಹೊಂಡಕ್ಕೂ ಅಲ್ಲಿಂದ ಕೆಳಗಿನ ಹೊಂಡಗಳಿಗೂ ಇಳಿಯುವ ವ್ಯವಸ್ಥೆಯನ್ನು ಒಂದು ದಿನದ ಕ್ಷೇತ್ರಕಾರ್ಯದಲ್ಲಿಯೇ ಗುರುತಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಪೂರ್ವಿಕರು ಎಲ್ಲವನ್ನೂ ಅರಿತಿದ್ದರೆಂಬ ಘೋಷಣೆಯು ವಿದ್ಯಾರ್ಥಿಯ ಕುತೂಹಲವನ್ನು ಕೆರಳಿಸುವುದಿಲ್ಲ, ಮುಗಿಸಿಬಿಡುತ್ತದೆ. ಚಂದ್ರವಳ್ಳಿ ಶಾಸನದಲ್ಲಿ ಏರಿಯ ಉದ್ದವಾಗಲಿ ಎತ್ತರವಾಗಲಿ ಇಲ್ಲ. ಇಲ್ಲದ ಅಳತೆಯನ್ನು ಶಾಸನದ ಬಾಯಲ್ಲಿ ಹೇಳಿಸುವುದಕ್ಕಿಂತ ವಿದ್ಯಾರ್ಥಿಗಳನ್ನು ಕಣಿವೆಗೆ ಕರೆದೊಯ್ದು ಅಳೆಯಿಸುವುದು ಮೇಲು.

ಉತ್ತರ ಸಿದ್ಧವಿಲ್ಲದ ಪ್ರಶ್ನೆಗಳೇ ಇಂತಹ ಬೋಧನೆಗೆ ಹೆಚ್ಚು ಉಪಯುಕ್ತ. ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಅನಂತರ. ಈ ನಡುವೆ ಮಳೆ ಕಡಿಮೆಯಾಯಿತೇ, ಮೇಲ್ಭಾಗದ ಕೆರೆಕಟ್ಟೆಗಳು ನೀರನ್ನು ತಡೆದವೇ, ಅಂತರ್ಜಲದ ಕುಸಿತ ಹರಿವನ್ನು ಕುಗ್ಗಿಸಿತೇ? 2022ಕ್ಕೆ ಮೊದಲಿನ ವರ್ಷಗಳಲ್ಲಿ ಭದ್ರಾ ನೀರೂ ಈ ಜಲಾಶಯಕ್ಕೆ ಹರಿದು ಬಂದಿತ್ತು. ಅದರ ಪಾಲೆಷ್ಟು, ಮಳೆಯ ಪಾಲೆಷ್ಟು ಎಂಬುದನ್ನು ಮಳೆಯ ದಾಖಲೆ ಮತ್ತು ಜಲಾಶಯದ ನೀರಿನ ಮಟ್ಟದ ದಾಖಲೆಗಳನ್ನು ಎದುರುಬದುರು ಇಟ್ಟು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು.