ಸೆಕೆಯ ಮೇಲೆ ಹೊರಿಸಿದ ತಪ್ಪು

ಅಪ್ಸರಕೊಂಡದ ಜಲಪಾತಕ್ಕೆ ಇಳಿಯುವ ದಾರಿಯ ಮೇಲ್ಗಡೆ ನಮ್ಮ ಮನೆ. ಏಪ್ರಿಲ್ ಬಂತೆಂದರೆ ಜಲಪಾತ ನೂಲಿನೆಳೆಯಷ್ಟಾಗುತ್ತದೆ; ಕಡಲ ಗಾಳಿ ಮಧ್ಯಾಹ್ನ ಕಳೆದ ಮೇಲಷ್ಟೇ ಮನೆಯೊಳಗೆ ಕಾಲಿಡುತ್ತದೆ. ಅಂಥದೊಂದು ಬೆಳಗ್ಗೆ, ಕೊಂಡು ತಿಂಗಳೂ ತುಂಬದ ಲ್ಯಾಪ್‌ಟಾಪು ನನ್ನೆದುರು ಕಲ್ಲಾಗಿ ಕುಳಿತಿತು. ಪರದೆಯಲ್ಲಿ ಚಿತ್ರವಿದೆ, ಬಾಣದ ಗುರುತು ಕದಲುತ್ತಿಲ್ಲ, ಯಾವ ಕೀಲಿ ಒತ್ತಿದರೂ ಓಗೊಡುತ್ತಿಲ್ಲ. ಒಳಗಿನ ಫ್ಯಾನು ಮಾತ್ರ ಭೋರೆಂದು ತಿರುಗುತ್ತಿತ್ತು.

ಆ ಹೊತ್ತಿನಲ್ಲಿ ಅದಕ್ಕೆ ದಾಖಲಾಗುತ್ತಿದ್ದುದು ಅಪ್ಪಯ್ಯ ಬಿಟ್ಟುಹೋದ ವಿಎಚ್‌ಎಸ್ ಕ್ಯಾಸೆಟ್. ಹೊನ್ನಾವರ ಸೀಮೆಯಲ್ಲಿ ಎಲ್ಲಿ ಆಟವಾದರೂ ಬಾಡಿಗೆ ಕ್ಯಾಮೆರಾ ಹೊತ್ತು ಹೋಗುತ್ತಿದ್ದ ಮನುಷ್ಯ ಅವರು. ನಲವತ್ತು ಕ್ಯಾಸೆಟ್‌ಗಳಿದ್ದವು. 2012ರಲ್ಲಿ ಪದ್ಮಶ್ರೀ ಪಡೆದು 2017ರಲ್ಲಿ ನಮ್ಮನ್ನಗಲಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನೂ ಅವುಗಳಲ್ಲೊಂದರಲ್ಲಿದ್ದಾನೆ. ಕರಾವಳಿಯ ಮಳೆಗಾಲ ಕ್ಯಾಸೆಟ್ಟಿಗೆ ಯಮ. ಪ್ರತಿ ವರ್ಷ ಟೇಪಿನ ಮೇಲೆ ಬೂಸ್ಟು ಬೆಳೆಯುತ್ತದೆ, ಸುರುಳಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬೂಸ್ಟು ಹಿಡಿದ ಟೇಪು ಒಮ್ಮೆ ಓಡಿದರೆ ಪುಣ್ಯ. ಎರಡನೆಯ ಸಲ ಅದರ ಮೇಲ್ಪದರವೇ ಉದುರಿದರೂ ಉದುರೀತು. ಯಂತ್ರ ನಿಂತ ದಿನ ಹೋದದ್ದು ತಾಳಮದ್ದಳೆಯೊಂದರ ಕೊನೆಯ ಮುಕ್ಕಾಲು ಗಂಟೆ. ಮರುದಿನ ಮತ್ತೆ ಓಡಿಸಲು ಹೋದಾಗ ಟೇಪು ತುಂಡಾಯಿತು.

ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಕ್ಯಾಸೆಟ್ ದಾಖಲಿಸಿಕೊಳ್ಳುವುದು ಹಗುರವಾದ ಕೆಲಸ. ಮಳೆಗೆ ಮುನ್ನ ಎಲ್ಲವನ್ನೂ ಮುಗಿಸುವ ಆತುರದಲ್ಲಿ, ಹಿಂದಿನ ದಿನ ದಾಖಲಾದ ಚಿತ್ರವನ್ನು ಶುಚಿಗೊಳಿಸಿ ಕಿರಿದು ಮಾಡುವ ಭಾರದ ಕೆಲಸವನ್ನೂ ಜೊತೆಜೊತೆಗೇ ಹಚ್ಚಿಬಿಟ್ಟಿದ್ದೆ. ಆದರೆ ಅಂಥ ಭಾರವನ್ನು ಹೊರುತ್ತದೆಂದೇ ಅಲ್ಲವೇ ಅಷ್ಟು ಹಣ ತೆತ್ತು ಆ ಯಂತ್ರವನ್ನು ತಂದದ್ದು? ಆಮೇಲೆ ಭಾರದ ಕೆಲಸವೊಂದನ್ನೇ ಕೊಟ್ಟು ನೋಡಿದೆ. ಇಪ್ಪತ್ತು ನಿಮಿಷದಲ್ಲಿ ಮತ್ತೆ ಸ್ತಬ್ಧ.

ಅಂಗಡಿಯವರಿಗೆ ಫೋನು ಮಾಡಿದರೆ ಉತ್ತರ ಸಿದ್ಧವಾಗಿತ್ತು: ‘ನಿಮ್ಮ ಕಡೆ ಸೆಕೆ ಜಾಸ್ತಿ ಸರ್.’ ದೂರದ ನಗರದ ಸೇವಾಕೇಂದ್ರಕ್ಕೆ ಒಯ್ದೆ. ಹವಾನಿಯಂತ್ರಿತ ಕೋಣೆಯಲ್ಲಿ ಅರ್ಧ ಗಂಟೆ ಯಾವುದೋ ಜಾಲತಾಣಗಳನ್ನು ತೆರೆದು ಮುಚ್ಚಿ, ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೆ ಮರಳಿಸಿದರು. ಡಾಕ್ಟರರ ಮುಂದೆ ಕುಳಿತಾಗ ಮಾತ್ರ ಕೆಮ್ಮದ ರೋಗಿಯ ಹಾಗೆ ಅದೂ ಅಲ್ಲಿ ತೆಪ್ಪಗಿತ್ತು.

ಸೆಕೆಯ ಮಾತನ್ನು ನಾನೂ ನಂಬಿದ್ದೆ. ರಜೆಗೆಂದು ಊರಿಗೆ ಬಂದಿದ್ದ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಅದನ್ನು ಒಪ್ಪಲಿಲ್ಲ. ‘ಮಾವ, ಲ್ಯಾಪ್‌ಟಾಪು ಬೆವರ್ತದಾ?’ ಎಂದು ಕೇಳಿದ. ಪ್ರಶ್ನೆ ಸರಳ, ನನಗೆ ಹೊಳೆದಿರಲಿಲ್ಲ. ಗಾಳಿಯಲ್ಲಿ ತೇವ ತುಂಬಿದಾಗ ಮೈಯ ಬೆವರು ಆರದೆ ನಮಗೆ ಜೀವ ಚಡಪಡಿಸುತ್ತದೆ. ಬೆವರದ ಯಂತ್ರಕ್ಕೆ ಲೆಕ್ಕಕ್ಕೆ ಬರುವುದು ಗಾಳಿಯ ಉಷ್ಣತೆ ಮಾತ್ರ. ತೇವ ಮತ್ತು ಉಪ್ಪು ವರ್ಷಗಳು ಕಳೆದಂತೆ ಲೋಹವನ್ನು ತಿಂದಾವು, ತಿಂಗಳೊಳಗೆ ಅಲ್ಲ. ನಮ್ಮ ಜಗುಲಿಯಲ್ಲಿ ಆ ದಿನ 33 ಡಿಗ್ರಿ ಇತ್ತು. ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯಲ್ಲಿ 40 ದಾಟುವುದು ಮಾಮೂಲು. ಇಲ್ಲಿ ನಿಲ್ಲದ ಯಂತ್ರವನ್ನು ಅಲ್ಲಿ ಯಾವ ಮುಖ ಹೊತ್ತು ಮಾರುತ್ತಾರೆ?

ಹುಡುಗ ಉಷ್ಣತೆಯನ್ನು ಕ್ಷಣಕ್ಷಣಕ್ಕೂ ಬರೆದಿಡುವ ಉಚಿತ ತಂತ್ರಾಂಶವೊಂದನ್ನು ಹಾಕಿಕೊಟ್ಟ. ಮುಂದಿನ ನಾಲ್ಕು ದಿನ ನಾನು ಆ ಅಂಕಿಗಳನ್ನು ಪಂಚಾಂಗದಂತೆ ಓದಿದೆ. ಸುಮ್ಮನಿದ್ದಾಗ ಸಂಸ್ಕಾರಕ, ಅಂದರೆ ಪ್ರೊಸೆಸರ್, 48 ಡಿಗ್ರಿಯಲ್ಲಿರುತ್ತಿತ್ತು. ಭಾರದ ಕೆಲಸ ಕೊಟ್ಟ ಐದೇ ಸೆಕೆಂಡಿನಲ್ಲಿ 100ಕ್ಕೆ ಜಿಗಿಯುತ್ತಿತ್ತು. ಕೆಲಸ ನಿಲ್ಲಿಸಿದ ಮರುಗಳಿಗೆಯೇ 60ಕ್ಕೆ ಇಳಿಯುತ್ತಿತ್ತು. ಇಂದಿನ ಅನೇಕ ಸಂಸ್ಕಾರಕಗಳು ಸಹಿಸುವ ಮಿತಿಯೇ 100 ಡಿಗ್ರಿಯ ಆಸುಪಾಸು. ಅದನ್ನು ಮುಟ್ಟಿದಾಗ ಅವು ತಾವಾಗಿಯೇ ವೇಗ ತಗ್ಗಿಸುತ್ತವೆ, ಅದಕ್ಕೂ ಬಗ್ಗದಿದ್ದರೆ ಯಂತ್ರವನ್ನೇ ಆರಿಸುತ್ತವೆ. ಹೀಗೆ ಕಲ್ಲಾಗಿ ನಿಲ್ಲುವುದಕ್ಕೆ ಬಿಸಿಯಲ್ಲದೆ ಬೇರೆ ಕಾರಣವೂ ಇರಬಹುದೆಂದು ಹುಡುಗನಿಗೆ ಅನುಮಾನ. ಒಂದು ರಾತ್ರಿಯಿಡೀ ಸ್ಮರಣಕೋಶದ ಪರೀಕ್ಷೆ ನಡೆಸಿದೆವು. ಒಂದೂ ತಪ್ಪು ಬರಲಿಲ್ಲ. ವಿಂಡೋಸ್, ಚಿತ್ರಫಲಕದ ಚಾಲಕ, ಬಯೋಸ್ ಎಲ್ಲವನ್ನೂ ಹೊಸದಾಗಿಸಿದೆವು. ಮಣೆಯ ಮೇಲೇರಿಸಿ ಅಡಿಯಲ್ಲಿ ಗಾಳಿಯಾಡಲು ಬಿಟ್ಟು ಮೇಜಿನ ಫ್ಯಾನನ್ನೂ ಎದುರಿಗಿಟ್ಟೆವು. ಸುಮ್ಮನಿದ್ದಾಗಿನ ಬಿಸಿ ನಾಲ್ಕು ಡಿಗ್ರಿ ಇಳಿಯಿತು. ಭಾರ ಕೊಟ್ಟಾಗಿನದು ಕದಲಲಿಲ್ಲ.

ಕೊನೆಗೆ ಹುಡುಗ ವಿಂಡೋಸ್‌ನ ವಿದ್ಯುತ್ ವ್ಯವಸ್ಥೆಯಲ್ಲಿ ಸಂಸ್ಕಾರಕದ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದ. ಒಂದು ಅಂಕಿ ಇಳಿಸಿದರೆ ಏನಾದೀತೆಂದು ನಕ್ಕೆ. ಹಾಗೆ ಇಳಿಸಿದೊಡನೆ ‘ಟರ್ಬೊ’ ಎಂಬ ಹೆಚ್ಚುವರಿ ವೇಗವೇ ನಿಂತುಹೋಗುತ್ತದಂತೆ. ಅಂದು ಯಂತ್ರ ಆರು ಗಂಟೆ ನಿಲ್ಲದೆ ದುಡಿಯಿತು, ಆದರೆ ಆಮೆಯ ನಡಿಗೆಯಲ್ಲಿ. ಅಲ್ಲಿಗೆ ಬಿಸಿಗೂ ಸ್ತಬ್ಧತೆಗೂ ಇದ್ದ ನಂಟು ಖಚಿತವಾಯಿತು. ಆಗಲೇ ನಾನು ಡಬ್ಬಿಯನ್ನು ಹುಡುಕಿ ತೆಗೆದು ಓದಿದ್ದು. ವೇಗದ ಅಂಕಿಯ ಮುಂದೆ ‘ವರೆಗೆ’ ಎಂಬ ಮೂರಕ್ಷರ ಸಣ್ಣದಾಗಿ ಅಚ್ಚಾಗಿತ್ತು. ಜವಳಿ ಅಂಗಡಿಯ ‘ಶೇ 50ರವರೆಗೆ ರಿಯಾಯಿತಿ’ ಫಲಕದಲ್ಲಿ ಇರುವುದೂ ಇದೇ ‘ವರೆಗೆ’.

ವೇಗಕ್ಕೂ ಬಿಸಿಗೂ ನಡುವಿನ ಜಗಳ ಹಳೆಯದು. 2004ರಲ್ಲಿ ಇಂಟೆಲ್ ಸಂಸ್ಥೆ ತನ್ನ ಪೆಂಟಿಯಂ 4 ಸಂಸ್ಕಾರಕವನ್ನು 4 ಗಿಗಾಹರ್ಟ್ಸ್‌ಗೆ ಏರಿಸುವ ಯೋಜನೆಯನ್ನೇ ಕೈಬಿಟ್ಟಿತು. ವೇಗ ಏರಿಸುತ್ತ ಹೋದ ದಾರಿಗೆ ಬಿಸಿ ಅಡ್ಡ ಬಂದಿತ್ತು. ಒಂದೇ ಬಿಲ್ಲೆಯಲ್ಲಿ ಎರಡು, ನಾಲ್ಕು ಮಿದುಳುಗಳನ್ನು ಕೂರಿಸುವ ಪದ್ಧತಿ ಬಲಗೊಂಡದ್ದು ಆಮೇಲೆ. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿಗೆ ಉಸಿರಾಡಲು ಜಾಗವಾದರೂ ಇದೆ. ಎರಡು ಬೆರಳಿನಷ್ಟೂ ದಪ್ಪವಿಲ್ಲದ ಲ್ಯಾಪ್‌ಟಾಪಿಗೆ ಗತಿ ತಾಮ್ರದ ಒಂದು ಚಪ್ಪಟೆ ಕೊಳವೆ. ಅದರ ಕೆಲಸ ಘಟ್ಟದ ಬುಡದವರಾದ ನಮಗೆ ಚೆನ್ನಾಗಿ ಗೊತ್ತಿರುವಂಥದು. ಕಡಲ ನೀರು ಆವಿಯಾಗಿ ಮೇಲೇರಿ, ಘಟ್ಟದ ತಂಪಿಗೆ ಮಳೆಯಾಗಿ, ಶರಾವತಿಯಾಗಿ ಮರಳಿ ಕಡಲಿಗೆ ಬರುವ ಹಾಗೆಯೇ ಕೊಳವೆಯೊಳಗಿನ ತುಸು ದ್ರವ ಸಂಸ್ಕಾರಕದ ಬಿಸಿಗೆ ಆವಿಯಾಗುತ್ತದೆ, ಫ್ಯಾನಿನ ಬಳಿಯ ತೆಳು ರೆಕ್ಕೆಗಳಲ್ಲಿ ಬಿಸಿ ಇಳಿಸಿ ದ್ರವವಾಗುತ್ತದೆ, ಒಳಗೋಡೆಯನ್ನು ಹಿಡಿದು ಹಿಂದಿರುಗುತ್ತದೆ. ಫ್ಯಾನು ಮಾಡುವುದು ಆ ರೆಕ್ಕೆಗಳ ಬಿಸಿಯನ್ನು ಹೊರಗೆ ನೂಕುವುದಷ್ಟೇ.

ನಮ್ಮ ಯಂತ್ರದ ಕಿಂಡಿಯ ಬಳಿ ಕೈಯಿಟ್ಟಾಗ ಗುಟ್ಟು ಬಯಲಾಯಿತು. ಒಳಗೆ 100 ಡಿಗ್ರಿ ಎಂದು ಅಂಕಿ ಹೇಳುತ್ತಿದೆ. ಹೊರಗೆ ಬರುವ ಗಾಳಿ ಉಗುರುಬೆಚ್ಚಗೂ ಇಲ್ಲ. ಕಿಂಡಿ ಮುಚ್ಚಿದ್ದರೆ, ಕೋಣೆ ಬಿಸಿಯಾಗಿದ್ದರೆ, ದೂಳು ತುಂಬಿದ್ದರೆ ಬಿಸಿ ನಿಮಿಷಗಳ ಮೇಲೆ ನಿಧಾನವಾಗಿ ಏರುತ್ತದೆ, ಹೊರಬರುವ ಗಾಳಿ ಕೈ ಸುಡುವಂತಿರುತ್ತದೆ. ಐದು ಸೆಕೆಂಡಿನಲ್ಲಿ ಜಿಗಿದು ಅಷ್ಟೇ ಬೇಗ ಇಳಿಯುತ್ತದೆಂದರೆ ಬಿಸಿ ಕೊಳವೆಯನ್ನು ಸೇರುತ್ತಲೇ ಇಲ್ಲ. ಸಂಸ್ಕಾರಕಕ್ಕೂ ಅದರ ಮೇಲೆ ಕೂರಬೇಕಾದ ತಾಮ್ರದ ತಟ್ಟೆಗೂ ನಡುವೆ ಸರಿಯಾದ ಸ್ಪರ್ಶವಿಲ್ಲ. ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡ ಭಸ್ಮಾಸುರ!

ಬಿಚ್ಚಿ ನೋಡುವ ಆಸೆ ಹುಡುಗನಿಗೆ ಬಹಳವಿತ್ತು. ನಾನು ತಡೆದೆ. ಖಾತರಿಯ ಅವಧಿಯಲ್ಲಿ ನಾವೇ ತಿರುಪು ಬಿಚ್ಚಿದರೆ, ಇದ್ದ ದೋಷವೂ ನಮ್ಮದೇ ಆಗಿಬಿಡುತ್ತದೆ. ಬದಲಿಗೆ ಅಂಕಿಗಳ ದಾಖಲೆಯನ್ನು ಅಚ್ಚು ಹಾಕಿಸಿ, ಯಂತ್ರ ನಿಂತ ಗಳಿಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಹಿಂದೆ ಕೊಟ್ಟ ಚೀಟಿಯ ಪ್ರತಿಯೊಂದಿಗೆ ಲಿಖಿತ ದೂರು ಕಳಿಸಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. ನಮಗೆ ಕಾರವಾರ ಸಾಕು, ಮಾರಿದವನ ಊರಿಗೆ ಅಲೆಯಬೇಕಿಲ್ಲ. ಈ ಸಾಲನ್ನು ಪತ್ರದ ಕೊನೆಯಲ್ಲಿ ವಿನಯದಿಂದಲೇ ಸೇರಿಸಿದ್ದೆ. ಪರಿಣಾಮ ಬೀರಿದ್ದು ಅಂಕಿಗಳೋ ಕಾರವಾರವೋ, ಒಂಬತ್ತನೆಯ ದಿನ ತಂತ್ರಜ್ಞನೊಬ್ಬ ಬೈಕಿನಲ್ಲಿ ಮನೆಗೇ ಬಂದ.

ಬೆನ್ನು ಬಿಚ್ಚಿದ. ತಾಮ್ರದ ತಟ್ಟೆಯ ನಾಲ್ಕು ತಿರುಪುಗಳಲ್ಲಿ ಒಂದು ಪೂರ್ತಿ ಕೂತಿರಲಿಲ್ಲ. ನಡುವೆ ಹಚ್ಚುವ ಉಷ್ಣವಾಹಕ ಲೇಪ ಒಂದು ಬದಿಯಲ್ಲಿ ಮಾತ್ರ ಒತ್ತಿಕೊಂಡು, ಇನ್ನೊಂದು ಬದಿ ಹಚ್ಚಿದ ಹಾಗೇ ಇತ್ತು. ಒರೆಸಿ, ಹೊಸದು ಹಚ್ಚಿ, ತಿರುಪು ಬಿಗಿದ. ಇಪ್ಪತ್ತು ನಿಮಿಷದ ಕೆಲಸ. ಅವನೆದುರೇ ಭಾರದ ಕೆಲಸ ಕೊಟ್ಟೆವು. ಅಂಕಿ ನಿಧಾನವಾಗಿ ಏರಿ 86ಕ್ಕೆ ನಿಂತಿತು. ಕಿಂಡಿಯ ಗಾಳಿ ಬಿಸಿಯಾಗಿತ್ತು. ‘ಸೆಂಟರಿನಲ್ಲಿ ನಾವು ಇಷ್ಟು ಹೊತ್ತು ಓಡಿಸುವುದಿಲ್ಲ ಸರ್, ದಿನಕ್ಕೆ ಇಷ್ಟು ಮುಗಿಸಬೇಕೆಂದು ಲೆಕ್ಕವಿರುತ್ತದೆ’ ಎಂದ, ಆಸರಿಗೆ ಕುಡಿಯುತ್ತ. ಬಡಪಾಯಿಯ ಮೇಲೆ ಸಿಟ್ಟು ಬರಲಿಲ್ಲ.

ಭಸ್ಮಾಸುರನ ಕ್ಯಾಸೆಟ್ಟನ್ನು ಮರುದಿನ ಹಾಕಿದೆ, ಬೇರಾವ ಕೆಲಸವನ್ನೂ ಜೊತೆಗೆ ಹಚ್ಚದೆ. ಎರಡೂವರೆ ಗಂಟೆ ಎದ್ದು ಹೋಗಲಿಲ್ಲ. ನಡುವೆ ಎರಡು ಕಡೆ ಚಿತ್ರ ಹರಿದಂತಾಯಿತು, ಚೆಂಡೆಯ ಸದ್ದು ಮಾತ್ರ ಕಡಿಯಲಿಲ್ಲ. ಇನ್ನು ಹನ್ನೊಂದು ಉಳಿದಿವೆ. ಜೂನ್ ಮೊದಲ ವಾರಕ್ಕೆ ಮಳೆ ಎನ್ನುತ್ತಾರೆ.